ಭೂತಗನ್ನಡಿಯಲ್ಲಿ ಕಂಡ ಉಗುರು

ನಾಲ್ಕು ನಿಮಿಷ ಹಿಂದಿದೆ ಈ ಕೋರ್ಟಿನ ಗಡಿಯಾರ, ಯಾರಿಗೂ ಅದರ ಪರಿವೆಯಿಲ್ಲ, ಒಂದು ಸ್ಟೂಲು ಕೊಟ್ಟರೆ ಹತ್ತಿ ಸರಿಮಾಡಿಬಿಡುತ್ತೇನೆ, ಆದರೆ ಇವತ್ತು ನಾನಿಲ್ಲಿ ಏನನ್ನೂ ಮುಟ್ಟುವ ಹಾಗಿಲ್ಲ, ಮಾತಾಡುವ ಹಾಗೂ ಇಲ್ಲ, ಮೇಲ್ಮನವಿಯಲ್ಲಿ ಸಾಕ್ಷಿಗಳನ್ನು ಮತ್ತೆ ಕರೆಯುವುದಿಲ್ಲವಂತೆ, ಹಳೇ ಹೇಳಿಕೆಯನ್ನೇ ಓದುತ್ತಾರಂತೆ — ಹಿಂದಿನ ಬೆಂಚಿನಲ್ಲಿ ಕೂತು ನನ್ನ ಮಾತನ್ನು ಆ ಕಪ್ಪು ಕೋಟಿನವನ ಬಾಯಲ್ಲಿ ಕೇಳಬೇಕು. ಓದುತ್ತಿದ್ದಾನೆ ಸರ್ಕಾರದ ವಕೀಲ, ಒಂದನೇ ಸಾಕ್ಷಿ, ಗಡಿಯಾರ ರಿಪೇರಿ ಅಂಗಡಿಯ ಹೆಂಗಸು, ಗುರುತಿನ ಪೆರೇಡಿನಲ್ಲಿ ಮೂವರನ್ನೂ ತೋರಿಸಿದವಳು ವಿಚಾರಣೆಯಲ್ಲಿ ಉಲ್ಟಾ ಹೊಡೆದಿದ್ದಾಳೆ, ಅದರಿಂದಲೇ ದರೋಡೆಕೋರರು ಖುಲಾಸೆಯಾದರು ಸ್ವಾಮಿ, ಆ ತೀರ್ಪು ರದ್ದಾಗಬೇಕು. ಉಲ್ಟಾ ಹೊಡೆದೆನಂತೆ. ಹೊಡೆದೆ, ಹೌದು. ಪಕ್ಕದಲ್ಲಿ ಅಣ್ಣ, ತೊಡೆಯ ಮೇಲೆ ನಡುಗುವ ಬಲಗೈಯನ್ನು ಎಡಗೈಯಿಂದ ಅದುಮಿಕೊಂಡಿದ್ದಾನೆ, ದರೋಡೆಯಲ್ಲಿ ತಲೆಗೆ ಕಬ್ಬಿಣದ ಸರಳು ಬಿದ್ದ ದಿನದಿಂದ ಆ ಕೈ ಚಿಮಟ ಹಿಡಿದಿಲ್ಲ, ಸಾಸಿವೆಗಿಂತ ಸಣ್ಣ ತಿರುಪನ್ನು ಕಣ್ಣುಮುಚ್ಚಿ ಕೂರಿಸುತ್ತಿದ್ದ ಕೈ, ಖುಲಾಸೆಯಾದ ದಿನ ಅವನು ಅಂದದ್ದು ಒಂದೇ, ನೀನು ಬಿಟ್ಟುಬಿಟ್ಟೆ ಅವರನ್ನ, ಆಮೇಲೆ ಮಾತೇ ಇಲ್ಲ, ಮಾತೆಲ್ಲ ಅತ್ತಿಗೆಯದು, ನಮ್ಮ ನಾದಿನಿ ಈಗ ಕಳ್ಳರಿಗೆ ಅಕ್ಕ ಆಗಿಬಿಟ್ಟಿದ್ದಾಳೆ, ಅಂತ ಬಂದವರಿಗೆಲ್ಲ ಹೇಳಿ ನಗುತ್ತಾಳೆ.

ನಗಲಿ. ನಾನು ಕಂಡದ್ದೇನು, ಅವತ್ತು ಕಳ್ಳರು ಅಂಗಡಿಯ ಬಾಗಿಲು ದೂಡಿಕೊಂಡು ನುಗ್ಗಿದಾಗ ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡಿದ್ದೆ, ಎಡಗಣ್ಣು ಮುಚ್ಚಿತ್ತು, ತಲೆ ಎತ್ತಿದರೆ ಮುಖಗಳೆಲ್ಲ ಕಲಸಿದ ಹಿಟ್ಟಿನ ಹಾಗೆ, ಅಷ್ಟರಲ್ಲಿ ಒಂದು ಕೈ ನನ್ನ ಕತ್ತು ಹಿಡಿದು ಬಗ್ಗಿಸಿತು, ಇನ್ನೊಂದು ಕಣ್ಣೆದುರೇ ಮೇಜಿನ ಮೇಲೆ ಊರಿತು — ಎಡಗೈ ಹೆಬ್ಬೆರಳು, ಉಗುರು ಬುಡದಿಂದ ತುದಿಯವರೆಗೆ ಸೀಳು, ನಡುವೆ ಕಪ್ಪು ಗೀರು, ಹತ್ತುಪಟ್ಟು ದೊಡ್ಡದಾಗಿ. ಅಲ್ಲಾಡಬೇಡ ಅಕ್ಕ, ಅಂದ. ಅಕ್ಕ ಅಂತೆ. ಹಿಂದೆ ಅಣ್ಣ ಬಿದ್ದ ಸದ್ದು. ಪೆರೇಡಿನ ಹಿಂದಿನ ದಿನ ಇನ್ಸ್‌ಪೆಕ್ಟರು ಕಿಟಕಿಯಿಂದ ಮೂವರನ್ನು ತೋರಿಸಿ, ನಾಳೆ ಇವರ ಭುಜ ಮುಟ್ಟಿದ್ರೆ ಸಾಕು ಕಣಮ್ಮ, ಮಿಕ್ಕಿದ್ದು ನಾವು ನೋಡ್ಕೋತೀವಿ, ಅಂದರು, ಮುಟ್ಟಿದೆ, ಸಾಲಿನಲ್ಲಿ ಎಲ್ಲರೂ ಕೈ ಹಿಂದೆ ಕಟ್ಟಿ ನಿಂತಿದ್ದರು, ಅಣ್ಣ ಆಸ್ಪತ್ರೆಯಲ್ಲಿದ್ದ, ಅವತ್ತು ಯಾರ ಭುಜ ತೋರಿಸಿದ್ದರೂ ಮುಟ್ಟುತ್ತಿದ್ದೆ. ಅದು ನನ್ನ ತಪ್ಪು, ಬೇರೆಯವರ ತಲೆಗೆ ಕಟ್ಟುವುದಿಲ್ಲ. ಆದರೆ ಹದಿನಾಲ್ಕು ತಿಂಗಳು ಜೈಲಲ್ಲಿದ್ದು ಆ ಮೂವರು ಕೆಳಗಿನ ಕೋರ್ಟಿನ ಕಟಕಟೆಯ ಪಟ್ಟಿ ಹಿಡಿದು ನಿಂತರಲ್ಲ, ಆರು ಹೆಬ್ಬೆರಳು, ಒಂದೊಂದನ್ನೇ ನೋಡಿದೆ, ಎಲ್ಲ ನುಣ್ಣಗೆ, ಬುಡ ಸೀಳಿದ ಉಗುರು ಮತ್ತೆ ಕೂಡುವುದಿಲ್ಲ, ಯಂತ್ರಕ್ಕೆ ಸಿಕ್ಕಿದ ಅಪ್ಪನ ಉಗುರು ಸಾಯುವವರೆಗೂ ಸೀಳಾಗಿಯೇ ಇತ್ತು, ಹೇಳಿಬಿಟ್ಟೆ, ಮುಖ ನೋಡಿಲ್ಲ, ಪೊಲೀಸರು ತೋರಿಸಿದವರನ್ನು ಮುಟ್ಟಿದೆ, ಆ ಕೈಯವನು ಇವರಲ್ಲಿಲ್ಲ. ನೂರು ಸಲ ಕೇಳಲಿ, ನೂರು ಸಲ ಅದನ್ನೇ ಹೇಳುತ್ತೇನೆ, ಅಣ್ಣನ ಕೈಗೆ ಬದಲಾಗಿ ಯಾರದೋ ಕೈ ಕೊಡಲು ಅದೇನು ಗಡಿಯಾರದ ಮುಳ್ಳೇ — ಹಿರಿಯ ನ್ಯಾಯಾಧೀಶರು ಕೇಳುತ್ತಿದ್ದಾರೆ, ಉಗುರಿನ ವಿಷಯ ಆಕೆ ಮೊದಲ ದಿನವೇ ಪೊಲೀಸರಿಗೆ ಬರೆಸಿದ್ದಾರಲ್ಲ, ಆರೋಪಿಗಳ ಕೈ ಯಾರಾದರೂ ನೋಡಿದಿರಾ, ವಕೀಲ ಹಾಳೆ ಮಗುಚುತ್ತಾನೆ, ಮಗುಚುತ್ತಲೇ ಇದ್ದಾನೆ, ಇಲ್ಲ ಸ್ವಾಮಿ, ಅನ್ನುತ್ತಾನೆ, ಕಳುವಾದ ವಾಚು ಒಂದಾದರೂ ಇವರ ಹತ್ತಿರ ಸಿಕ್ಕಿತಾ, ಮತ್ತೆ ನ್ಯಾಯಾಧೀಶರು, ಇಲ್ಲ ಸ್ವಾಮಿ. ಮೇಲ್ಮನವಿ ವಜಾ. ಇಷ್ಟೇ. ಅಣ್ಣ ಎದ್ದ, ನನ್ನ ಕಡೆ ನೋಡದೆ ಬಾಗಿಲು ದಾಟಿದ, ಹೋಗಲಿ, ಮಾತು ಬಿಟ್ಟರೆ ಬಿಡಲಿ, ನಾನು ಹೇಳಿದ್ದನ್ನು ನಾನು ನುಂಗುವುದಿಲ್ಲ — ನಿಂತಿದ್ದಾನೆ ಕಾರಿಡಾರಿನಲ್ಲಿ, ಯಾವ ಕೈ ಅಂದೆ, ಅಂತ ಕೇಳುತ್ತಾನೆ, ಇಷ್ಟು ದಿನದಲ್ಲಿ ಮೊದಲ ಸಲ. ಎಡಗೈ ಅಣ್ಣ. ಫೈಲು ಹಿಡಿದ ಕೈ, ಟೀ ಲೋಟ ಹಿಡಿದ ಕೈ, ಗೋಡೆಗೆ ಊರಿದ ಕೈ, ಒಂದೊಂದನ್ನೇ ನೋಡುತ್ತಾ ನಡೆಯುತ್ತಿದ್ದಾನೆ, ನಾನೂ ಹುಡುಕುತ್ತಾ ನಡೆಯುತ್ತೇನೆ — ಎಡಗೈ, ಹೆಬ್ಬೆರಳು, ಸೀಳಿದ ಉಗುರು, ನಡುವೆ ಕಪ್ಪು ಗೀರು.