ಅಕ್ಕನ ಹದಿನೈದು ನಿಮಿಷ

ಬಸ್ ಓಡಿಸುವ ತಮ್ಮನಿಗೆ ಅಕ್ಕ ಜೀವಮಾನದಲ್ಲಿ ಹೇಳಿದ್ದು ಒಂದೇ ಒಂದು ಕೆಲಸ. ತಾಯಿ ಹೋದ ಮೇಲೆ ಅವನನ್ನು ಎತ್ತಿ ಆಡಿಸಿ, ಓದಿಸಿ, ದಡ ಸೇರಿಸಿದವಳು ಅವಳೇ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್, ನಿವೃತ್ತಿಗೆ ಇನ್ನೊಂದೇ ತಿಂಗಳು. ಅಂಥವಳನ್ನು ಟೀವಿಯವರು ಕರೆದು ಮಾತಾಡಿಸಿದ್ದರು. ಬುಧವಾರ ಮಧ್ಯಾಹ್ನ ಮೂರರಿಂದ ಮೂರೂವರೆಯ ಕಾರ್ಯಕ್ರಮ, ಅದರಲ್ಲಿ ಕೊನೆಯ ಹದಿನೈದು ನಿಮಿಷ ಅಕ್ಕನದು. ಆ ಹೊತ್ತಿಗೆ ಮನೆಯವರೆಲ್ಲ ಕೆಲಸದಲ್ಲಿ.

"ನಿನ್ನ ಹತ್ರ ರೆಕಾರ್ಡರ್ ಇದೆಯಲ್ಲ, ಹಿಡಿದಿಡು. ಭಾನುವಾರ ಬರ್ತೀನಿ, ಒಟ್ಟಿಗೆ ಕೂತು ನೋಡೋಣ. ಇನ್ನೊಂದ್ಸಲ ಹಾಕಲ್ವಂತೆ," ಎಂದಿದ್ದಳು.

ತಮ್ಮ ಟೊಂಕ ಕಟ್ಟಿ ನಿಂತ. ಮೂಗಿನ ಮೇಲೆ ಕನ್ನಡಕ, ತೊಡೆಯ ಮೇಲೆ ಆ ಯಂತ್ರದ ಪುಸ್ತಕ. ಹೊಲಿಗೆಯಂಗಡಿಯಲ್ಲಿ ದುಡಿಯುವ ಹೆಂಡತಿ, "ನಾನೊಮ್ಮೆ ಓದ್ಲಾ?" ಎಂದರೆ, "ಅಷ್ಟು ದೊಡ್ಡ ಬಸ್ಸೇ ನನ್ನ ಮಾತು ಕೇಳುತ್ತೆ, ಈ ಡಬ್ಬ ಕೇಳಲ್ವಾ?" ಎಂದು ಬೀಗಿದ. ಡಬ್ಬ ಮೊದಲು ಕೇಳಿದ್ದು ಈಗ ಗಂಟೆ ಎಷ್ಟು ಅಂತ. ಗೋಡೆ ಗಡಿಯಾರ ನೋಡಿ ಅದರಲ್ಲಿದ್ದದ್ದನ್ನೇ ಒತ್ತಿದ. ಆಮೇಲೆ ವಾರ, ಚಾನೆಲ್, ಶುರು, ಕೊನೆ. ಕೆಂಪು ದೀಪ ಹತ್ತಿತು. ಬುಧವಾರ ಮೂರಕ್ಕೆ ಸ್ಟೇರಿಂಗ್ ಹಿಡಿದೇ ತನ್ನಷ್ಟಕ್ಕೆ ನಗುತ್ತಿದ್ದವನನ್ನು ಕಂಡಕ್ಟರ್ ವಿಚಿತ್ರವಾಗಿ ನೋಡಿದ.

ಭಾನುವಾರ ಅಕ್ಕ ಇಸ್ತ್ರಿ ಮಾಡಿದ ಸೀರೆಯುಟ್ಟು ಬಂದು, ಮದುವಣಗಿತ್ತಿಯ ಹಾಗೆ ನಾಚಿಕೊಂಡು ಕೂತಳು. ಟೇಪು ತಿರುಗಿತು. ಹದಿನೈದು ನಿಮಿಷ ಹಲ್ಲುಜ್ಜುವ ಪಾಠ. ಆಮೇಲೆ ಛತ್ರಿ ರಿಪೇರಿ ಮಾಡುವ ಹೆಂಗಸೊಬ್ಬಳ ಸಂದರ್ಶನ. ಅದು ಮುಗಿದು, "ಈಗ ನಮ್ಮ ಜೊತೆ..." ಎಂದು ನಿರೂಪಕಿ ತಿರುಗಿದಳು. ಅಕ್ಕನ ಒಂದು ಭುಜ ಕಂಡಿತು. ಅಷ್ಟೇ, ಪರದೆ ತುಂಬ ಬಿಳಿ ಚುಕ್ಕೆ.

ಹೆಂಡತಿ ಗೋಡೆ ನೋಡಿದಳು, ಕೈಗಡಿಯಾರ ನೋಡಿದಳು, ಹಣೆ ಚಚ್ಚಿಕೊಂಡಳು. ಡಿಪೋಗೆ ತಡವಾಗದಿರಲಿ ಎಂದು ಆ ಗೋಡೆ ಗಡಿಯಾರವನ್ನು ಹದಿನೈದು ನಿಮಿಷ ಮುಂದಿಟ್ಟು ಎಷ್ಟೋ ವರ್ಷವಾಗಿತ್ತು. ಮನೆಯಲ್ಲಿ ಎಲ್ಲರೂ ಮನಸ್ಸಿನಲ್ಲೇ ಅಷ್ಟನ್ನು ಕಳೆದು ಓದುತ್ತಿದ್ದರು. ಕಳೆಯಲು ಬಾರದಿದ್ದದ್ದು ಆ ಡಬ್ಬಕ್ಕೆ ಮಾತ್ರ.

ತಮ್ಮನ ಮುಖ ಸಣ್ಣದಾಯಿತು. "ಒಂದೇ ಒಂದು ಕೆಲಸ ಹೇಳಿದೆಯಲ್ಲಕ್ಕ, ಅದನ್ನೂ ಕೆಡಿಸಿದೆ," ಎಂದ.

"ನನ್ನ ಮೂತಿ ನಾನು ಕನ್ನಡೀಲಿ ದಿನಾ ನೋಡ್ತೀನಿ ಬಿಡೋ," ಎಂದಳು ಅಕ್ಕ. "ನೀನು ಕೇಳಿಸ್ಕೋಬೇಕಿತ್ತು, ಅದಕ್ಕೇ ಹೇಳಿದ್ದು."

"ಏನು?"

ಅಕ್ಕ ಸೆರಗಿನ ತುದಿ ತಿರುಚತೊಡಗಿದಳು. "ಮರೆಯೋಕಾಗದ ಫೋನು ಯಾವುದು ಅಂತ ಕೇಳಿದ್ರು. ನಿಂಗೆ ಕೆಲ್ಸ ಸಿಕ್ಕಿದ ದಿನ ಡಿಪೋದಿಂದ ಮಾಡಿದ್ಯಲ್ಲ, ಅದು ಅಂದೆ."

ತಮ್ಮನಿಗೆ ಅದು ಚೆನ್ನಾಗಿ ನೆನಪಿತ್ತು. 'ಅಕ್ಕಾ, ಬಸ್ಸು ಕೊಟ್ರು' ಎಂದು ಅವನು ಕೂಗಿದರೆ, ಆ ಕಡೆಯಿಂದ 'ಯಾವ ನಂಬರ್ ಬೇಕು ಸಾರ್?' ಎಂದು ಅಕ್ಕನದೇ ಒಣ ದನಿ ಬಂದು ಲೈನು ಕಟ್ಟಾಗಿತ್ತು. ಮನೆಗೆ ಬಂದ ಮೇಲೆ ಅಕ್ಕ ಹಬ್ಬದೂಟವನ್ನೇ ಬಡಿಸಿದ್ದರೂ ಆ 'ಸಾರ್' ಇಷ್ಟು ವರ್ಷ ಅವನ ಹೊಟ್ಟೆಯೊಳಗೇ ಉಳಿದಿತ್ತು. ಯಾರಿಗೂ ಹೇಳಿರಲಿಲ್ಲ.

"ಹಿಂದೆ ಸೂಪರ್‌ವೈಸರ್ ನಿಂತಿದ್ಲು. ಮನೆಯೋರ ಹತ್ರ ಮಾತಾಡಿದ್ರೆ ಕೆಲ್ಸ ಹೋಗ್ತಿತ್ತು, ಆಗಿನ್ನೂ ನಿನ್ನ ಮೊದಲ ಸಂಬಳ ಬಂದಿರ್ಲಿಲ್ಲ," ಎಂದಳು ಅಕ್ಕ. "ನಿನ್ನ ಲೈನಿನ ಪ್ಲಗ್ ಕಿತ್ತು ಬಚ್ಚಲಿಗೆ ಹೋಗಿ ಅತ್ತೆ ಕಣೋ, ಖುಷಿಗೆ. ಮುಖಾಮುಖಿ ಹೇಳೋಕೆ ಯಾಕೋ ಬಾಯೇ ಬರ್ತಿರ್ಲಿಲ್ಲ. ಟೀವೀಲಾದ್ರೂ ಕೇಳಿಸ್ಕೊಳ್ಲಿ ಅಂತ..."

ತಮ್ಮ ಎದ್ದು ಟೀವಿ ಆರಿಸಿದ. ಬಂದು ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತ.

"ಇನ್ನೊಂದ್ಸಲ ಹೇಳಕ್ಕ," ಎಂದ.