ಅಕ್ಕಿ ಡಬ್ಬಿಯೊಳಗಿನ ಒಳಲೆ

ಒದ್ದೆ ಬಟ್ಟೆಗೆ ವಿಭೂತಿ ಹಚ್ಚಿಕೊಂಡು ವಿಶಾಲಾಕ್ಷಿ ನನ್ನ ಕೊಕ್ಕನ್ನು ತಿಕ್ಕುತ್ತಿದ್ದಳು. ಅರ್ಧ ಹೊಳಪು ಬಂದಿತ್ತು, ಇನ್ನರ್ಧ ಕಪ್ಪಾಗಿಯೇ ಇತ್ತು. ಒಳಗಿನ ಕೋಣೆಯಲ್ಲಿ ಅತ್ತೆ ನೀಲಮ್ಮ ಕೆಮ್ಮಿದರೆ ಸಾಕು, ಅವಳ ಕೈ ನಿಂತುಬಿಡುತ್ತಿತ್ತು.

ನಾನು ಒಂದು ಬೆಳ್ಳಿಯ ಒಳಲೆ. ತಿಪಟೂರಿನ ಅಕ್ಕಸಾಲಿಯೊಬ್ಬರು ಕಾಲ್ಗೆಜ್ಜೆ ಕರಗಿಸಿ ನನ್ನನ್ನು ಮಾಡಿದರು. ಗೆಜ್ಜೆ ನೀಲಮ್ಮನದು. ಚೊಚ್ಚಲ ಬಸುರಿನಲ್ಲಿ ಕಾಲು ಊದಿಕೊಂಡಾಗ, "ಹುಟ್ಟೋ ಕೂಸಿನ ಬಾಯಿಗಾಗ್ಲಿ" ಎಂದು ಬಿಚ್ಚಿಕೊಟ್ಟಳಂತೆ. ಅಂಗೈಯಷ್ಟು ಬಟ್ಟಲು, ಒಂದು ಕಡೆ ಹಕ್ಕಿಯ ಕೊಕ್ಕಿನಂಥ ಮೂತಿ. ಹಸುಗೂಸಿಗೆ ಹಾಲು, ಔಷಧಿ ಕುಡಿಸುವುದಕ್ಕೇ ಹುಟ್ಟಿದವಳು ನಾನು.

ನೀಲಮ್ಮನ ಮಗ ರುದ್ರೇಶ ನನ್ನಿಂದಲೇ ಕುಡಿದು ಬೆಳೆದ. ಅವನ ಹೆಂಡತಿ ವಿಶಾಲಾಕ್ಷಿಗೆ ಮಗಳು ಹುಟ್ಟಿದಾಗ ನಾನು ಕೈ ಬದಲಾದೆ. ಎದೆಹಾಲು ಸಾಲದೆ ಅಳುತ್ತ ಕೂತಿದ್ದ ಸೊಸೆಯ ಪಕ್ಕ ನೀಲಮ್ಮ ಬಂದು ಕೂತಳು.

"ಅಳ್ಬೇಡ ಕಣವ್ವ. ಕೂಸ್ನ ಮಡ್ಲಲ್ಲಿ ಮಲಗ್ಸ್ಕೋ. ಕೊಕ್ಕು ಕೆನ್ನೆ ಕಡೆಗಿರ್ಲಿ. ಹೊಟ್ಟೆ ತುಂಬಿದ್ರೆ ಅದೇ ಬಾಯ್ ಮುಚ್ಕೊಳತ್ತೆ, ನಿನ್ ಗಂಡನ್ ಥರ ಅಲ್ಲ."

ಬಾಣಂತಿ ಅಳುತ್ತಲೇ ನಕ್ಕಳು. ತಾಯಿಯಿಲ್ಲದ ಅವಳು ಅಂದಿನಿಂದ ಅತ್ತೆಯನ್ನು ಅವ್ವ ಎಂದೇ ಕರೆದಳು.

ಆಮೇಲೆ ಬಹಳ ಕಾಲ ದೇವರ ಗೂಡಿನಲ್ಲಿ ಕೂತೆ. ಈಚೆಗೆ ನೀಲಮ್ಮನಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಬಿತ್ತು, ಮಾತು ತೊದಲಾಯಿತು. ಆಸ್ಪತ್ರೆಯಿಂದ ಬಂದವಳ ಬಾಯಿಂದ ಗಂಜಿ ಸೋರುವುದನ್ನು ನೋಡಿ ವಿಶಾಲಾಕ್ಷಿ ನನ್ನನ್ನು ಇಳಿಸಿದಳು. ಅವ್ವ ಕಲಿಸಿದಂತೆಯೇ ತಲೆಯನ್ನು ಮಡಿಲಲ್ಲಿಟ್ಟುಕೊಂಡು, ಕೊಕ್ಕನ್ನು ಕೆನ್ನೆ ಕಡೆಗೆ ಹಿಡಿದು ತಿಳಿಗಂಜಿ ಹುಯ್ದಳು. ನೀಲಮ್ಮ ಕೆಮ್ಮಿದಳು. "ನೆತ್ತಿಗೇರ್ತೇನವ್ವ?" ಎಂದು ಸೊಸೆ ನೆತ್ತಿ ತಟ್ಟಿದಳು.

ಗಂಜಿ ನೆತ್ತಿಗೇರಿರಲಿಲ್ಲ, ಶ್ವಾಸಕೋಶಕ್ಕೆ ಇಳಿದಿತ್ತು. ಜ್ವರ ಬಂತು. ಮತ್ತೆ ಅದೇ ಆಸ್ಪತ್ರೆ.

ಈ ಸಲ ಮರಳಿದಾಗ ನೀಲಮ್ಮನ ತೊದಲು ಮಾತೂ ಹೋಗಿತ್ತು. ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದಿದ್ದರಂತೆ ಡಾಕ್ಟರು.

"ಕೂರ್ಸಿ, ಗದ್ದ ಬಗ್ಗಿಸಿ, ಗಟ್ಟಿ ಗಂಜಿ ಚಮಚದಲ್ಲಿ ಕೊಡ್ಬೇಕು ಅಂತ ನರ್ಸಮ್ಮ ನಿಮ್ಗೆ ಮೊದಲ್ನೇ ಸಲಾನೇ ಹೇಳಿದ್ರಂತಲ್ಲ?" ಎಂದು ವಿಶಾಲಾಕ್ಷಿ ಗಂಡನನ್ನು ಕೇಳಿದಳು. "ನಾನಾಗ ಒಳಗೆ ಅವ್ವನಿಗೆ ಸೀರೆ ಉಡಿಸ್ತಿದ್ದೆ."

"ಏನೇನೋ ಹೇಳಿದ್ರು. ಮಾತ್ರೆ ಎಲ್ಲ ತಂದ್ಕೊಡ್ಲಿಲ್ವಾ ನಾನು? ಕುಡಿಸೋದು ನಿಂಗೆ ಗೊತ್ತಿರತ್ತೆ ಅನ್ಕೊಂಡೆ."

ಅವಳು ನನ್ನನ್ನು ಮತ್ತೆ ದೇವರ ಗೂಡಿಗೆ ಏರಿಸಿ, ಚಮಚ ತೆಗೆದುಕೊಂಡಳು.

ನಿನ್ನೆ ನೀಲಮ್ಮನ ತಂಗಿ ಹಾಲಮ್ಮ ನೋಡಲು ಬಂದಳು. "ಒಳಲೆ ಎಲ್ಲಮ್ಮಿ? ಚಮಚದಲ್ಲಿ ಕೊಟ್ರೆ ಯಾವಾಗ ಹೊಟ್ಟೆ ತುಂಬೋದು? ನಮ್ಮಕ್ಕನ್ನ ಉಪವಾಸ ಕೆಡವ್ಬೇಕು ಅಂತಿದೀಯಾ?"

"ಮಲಗ್ಸಿ ಕುಡಿಸ್ಬಾರ್ದಂತೆ ಚಿಕ್ಕತ್ತೆ."

"ನಿನ್ ಗಂಡನ್ನ ಸಾಕಿದ್ದೇ ಅದ್ರಲ್ಲಿ. ಹೋಗು, ಬೆಳಗ್ಕೊಂಡ್ ಬಾ. ನಾನೇ ಕುಡಿಸ್ತೀನಿ."

ಅದಕ್ಕೇ ಈ ವಿಭೂತಿ. ಬೆಳಗುತ್ತ ಬೆಳಗುತ್ತ ಅವಳ ಬೆರಳು ಕೊಕ್ಕಿನ ತುದಿಯಲ್ಲಿ ನಿಂತಿತು. ನನ್ನನ್ನು ಒರೆಸಿದಳು, ಒಮ್ಮೆ ಕೆನ್ನೆಗೆ ಒತ್ತಿಕೊಂಡಳು. ಕೋಣೆಗೆ ಒಯ್ಯಲಿಲ್ಲ. ಅಕ್ಕಿ ಡಬ್ಬಿಯ ತಳಕ್ಕೆ ಇಳಿಸಿ, ಮೇಲಿನ ಅಕ್ಕಿಯನ್ನು ಸಮ ಮಾಡಿದಳು.

"ಕಾಣ್ತಿಲ್ಲ ಚಿಕ್ಕತ್ತೆ."

"ಮನೆ ಬೆಳ್ಳೀನೂ ಕಾಪಾಡ್ಕೊಳಕ್ಕಾಗಲ್ಲ ಇವ್ಳಿಗೆ!"

ಅವಳು ಬೈಸಿಕೊಂಡಳು.

ಇಲ್ಲಿ ಕತ್ತಲೆ. ಆದರೂ ಸದ್ದು ಕೇಳುತ್ತದೆ. ನೀಲಮ್ಮ ಮಡಿಲು ಹುಡುಕುತ್ತ ವಾಲುತ್ತಾಳೇನೋ, "ನೆಟ್ಟಗೆ ಕೂತ್ಕೋ ಅವ್ವ" ಎನ್ನುತ್ತಾಳೆ ವಿಶಾಲಾಕ್ಷಿ. ಚಮಚ ಬಟ್ಟಲಿಗೆ ತಗಲುತ್ತದೆ. ಆಮೇಲೆ ಉದ್ದದ ಮೌನ; ನುಂಗುವುದನ್ನು ಅವಳು ಕಾಯುತ್ತಿದ್ದಾಳೆ. ಸುರಿಯುವುದೊಂದನ್ನೇ ಬಲ್ಲ ನನಗೆ ಈ ಕಾಯುವಿಕೆ ಬರುತ್ತಿರಲಿಲ್ಲ.

ಇವತ್ತು ಅಕ್ಕಿ ಅಳೆಯುವಾಗ ನನ್ನ ಅಂಚು ಹೊರಗೆ ಕಂಡಿತು. ಅವಳು ಒಂದು ಗಳಿಗೆ ನೋಡಿದಳು. ಚೀಲ ಬಿಚ್ಚಿ ನನ್ನ ಮೇಲೆ ಹೊಸ ಅಕ್ಕಿ ಸುರಿದು ಮುಚ್ಚಳ ಹಾಕಿದಳು.