ಅಂಗಳದಡಿಯ ಕೇಬಲ್

ನಮ್ಮದು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿ. ಹಿಂದೆ ಮನೆ, ಮುಂದೆ ಅಂಗಳ. ಮಳೆ ಬಂದರೆ ಅಂಗಳವೆಲ್ಲ ಕೆರೆ. ಚರಂಡಿ ತೋಡೋಣವೆಂದರೆ ನೆಲದಡಿ ಕೇಬಲ್ ಅಡ್ಡ. ಆ ಕೇಬಲ್ ಕಂಡರೆ ಮಾವನಿಗೆ ಮೊದಲಿಂದಲೂ ಆಗದು. ಅದನ್ನು ಹೂಳಲು ಬಂದವನೊಬ್ಬ, ನಿಮ್ಮ ಮೆಷಿನ್ ತಿರುಗಿದರೂ ನಮ್ಮ ಆಫೀಸಿನಲ್ಲಿ ಗೊತ್ತಾಗುತ್ತದೆ ಎಂದು ಹೇಳಿಹೋಗಿದ್ದ. ಹಾಗಾದರೆ ನಮ್ಮ ಮಾತೂ ಅಲ್ಲಿ ಕೇಳಿಸುತ್ತದೆಂದು ಮಾವನ ಗುಮಾನಿ, ಅಂದಿನಿಂದ ಅಂಗಳದಲ್ಲಿ ಯಾರೂ ಗಟ್ಟಿಯಾಗಿ ಮಾತಾಡುವಂತಿರಲಿಲ್ಲ. ಅತ್ತೆಯನ್ನು ಬೈಯಬೇಕಾದರೂ ಮಾವ ಮಹಡಿ ಹತ್ತಬೇಕಿತ್ತು. ಅತ್ತೆಗಂತೂ ಅಂಥ ನೆಮ್ಮದಿ ಹಿಂದೆಂದೂ ಸಿಕ್ಕಿರಲಿಲ್ಲ.

ಒಂದು ಬೆಳಿಗ್ಗೆ ಮಾವ ಗುದ್ದಲಿ ಹಿಡಿದೇಬಿಟ್ಟರು. ಕೇಬಲ್ ಕಡಿದು ಚರಂಡಿ ತೋಡುವುದೇ ಸೈ ಎಂದರು. ನಾನು ನನ್ನ ಅಕ್ಕನಿಗೆ ಫೋನು ಮಾಡಿದೆ. ಅವಳು ಕೇಬಲ್ ಆಫೀಸಿನಲ್ಲೇ ಕೆಲಸ ಮಾಡುವವಳು. ಬಂದವಳು ವಾದಕ್ಕಿಳಿಯದೆ, ನೀರು ಕುಡಿದು ಮಾವನ ಪಕ್ಕ ಕೂತಳು.

"ಮಾವ, ಇದರೊಳಗೆ ಕೂದಲಿನಷ್ಟು ಸಣ್ಣ ಗಾಜಿನ ಎಳೆ ಇದೆ. ಅದರಲ್ಲಿ ಬೆಳಕು ಓಡುತ್ತೆ. ನೆಲ ಅಲುಗಿದ್ರೆ ಎಳೆನೂ ಅಲುಗುತ್ತೆ, ವಾಪಸ್ ಬರೋ ಬೆಳಕು ಬದಲಾಗುತ್ತೆ. ಎಲ್ಲಿ ಅಲುಗಿತು ಅಂತ ನಮಗೆ ತಿಳಿಯುತ್ತೆ. ನಿಮ್ಮ ಮನೆ ಮಾತು ಕಟ್ಕೊಂಡು ನಮಗೇನಾಗಬೇಕು?"

"ಹಾಗಾದ್ರೆ ಭೂಕಂಪ ನಾಳೆ ಬರುತ್ತೆ ಅಂತ ಇವತ್ತೇ ಹೇಳ್ತೀಯೇನಮ್ಮ?"

"ಅದು ಯಾರ ಕೈಲೂ ಆಗಲ್ಲ. ಆದ್ರೆ ದೂರದಲ್ಲಿ ನೆಲ ಅದುರಿದ್ರೆ, ಆ ನಡುಕ ಇಲ್ಲಿಗೆ ಬರೋ ಮುಂಚೆ ಸುದ್ದಿ ಬರುತ್ತೆ, ಸೈರನ್ ಕೂಗುತ್ತೆ. ನಾಲ್ಕು ಉಸಿರಿನಷ್ಟು ಸಮಯ ಸಿಗಬಹುದು. ನೀವಿದನ್ನ ಕಡಿದ್ರೆ ಊರಿಗೆಲ್ಲ ಅದೂ ತಪ್ಪುತ್ತೆ."

ನಾಲ್ಕು ಉಸಿರಲ್ಲಿ ನನಗೆ ಕನ್ನಡಕವೂ ಸಿಗುವುದಿಲ್ಲ ಎಂದು ಮಾವ ಗೊಣಗಿದರು. ಆದರೂ ಗುದ್ದಲಿ ಕೆಳಗಿಟ್ಟರು. ಅಕ್ಕನ ಆಫೀಸಿನವರು ಬಂದು, ಕೇಬಲ್ಲಿಗೆ ತಾಗದಂತೆ ಚರಂಡಿಗೆ ಬೇರೆ ದಾರಿ ಗುರುತು ಹಾಕಿಕೊಟ್ಟರು.

ಮಳೆಗಾಲ ಕಳೆದ ಮೇಲೆ ಒಂದು ಮಧ್ಯಾಹ್ನ ಸೈರನ್ ಕೂಗಿತು. ನನ್ನ ಮಗಳು ಬಟ್ಟೆ ಕಪಾಟಿನ ಬುಡದಲ್ಲಿ ಆಡುತ್ತಿದ್ದಳು. ಮಾವ ಅವಳನ್ನು ಬಾಚಿಕೊಂಡು ಅಂಗಳಕ್ಕೆ ಓಡಿದರು. ನಾನು ಇಸ್ತ್ರಿಯ ಸ್ವಿಚ್ ಆರಿಸಿ, ಅತ್ತೆಯ ಕೈಹಿಡಿದು ಹಿಂದೆಯೇ ಓಡಿದೆ. ಆಮೇಲೆ ನೆಲ ನಡುಗಿತು. ಮಗು ಕೂತಿದ್ದ ಜಾಗಕ್ಕೇ ಕಪಾಟು ಉರುಳಿತು.

ಸಂಜೆ ಮಾವ ಅಕ್ಕನಿಗೆ ಫೋನು ಮಾಡಿದರು.

"ಅವತ್ತು ನೀನು ಬರದಿದ್ರೆ ನಾನೇ ಕಡಿದುಬಿಡ್ತಿದ್ದೆ ಕಣಮ್ಮ" ಎಂದು ಅತ್ತುಬಿಟ್ಟರು.

ಅಕ್ಕನಿಗೂ ಆ ಎಳೆ ಹೂತ ಕೈಗಳಿಗೂ ನಾವು ಎಂದೆಂದಿಗೂ ಋಣಿಗಳು. ನೀವೂ ನೆಲ ಅಗೆಯುವ ಮುಂಚೆ ಕೇಬಲ್ ಆಫೀಸಿನವರನ್ನು ಒಂದು ಮಾತು ಕೇಳಿ. ಸೈರನ್ ಕೂಗಿದಾಗ ಬಾಗಿಲು ಹತ್ತಿರವಿದ್ದರೆ ಬಯಲಿಗೆ ಬನ್ನಿ, ಇಲ್ಲವಾದರೆ ಗಟ್ಟಿ ಮೇಜಿನಡಿ ಕೂತು ತಲೆ ಕಾಪಾಡಿಕೊಳ್ಳಿ. ಸಾಮಾನಿಗಾಗಿ ನಿಲ್ಲಬೇಡಿ. ನಮ್ಮ ಮಗಳು ಈಗ ಅಂಗಳದಲ್ಲಿ ಆಡುತ್ತಿದ್ದಾಳೆ. ನಿಮ್ಮ ಮಕ್ಕಳೂ ಆಡಿಕೊಂಡಿರಲಿ.